ಬಾವಿಗಲ್ಲದ ಆಮೆ

ಎಪ್ಪತ್ತರ ದಶಕದ ಶುರುವಿನ ಒಂದು ಬೇಸಿಗೆ. ಮದುವೆಯಾದ ಹೊಸದು. ಬಿಜಾಪುರದ ಗಾಂಧಿ ಚೌಕದಲ್ಲಿ ನನ್ನ ಗಂಡ ಏನು ಬೇಕೆಂದು ಕೇಳಿದ್ದೇ ತಪ್ಪಾಯಿತು. ಬೇರೆಯವರಾದರೆ ಬಳೆ ಕೇಳುತ್ತಿದ್ದರು. ನಾನು ರಸ್ತೆ ಬದಿಯಲ್ಲಿ ಕೂತವನ ಬುಟ್ಟಿಯಲ್ಲಿದ್ದ ಆಮೆ ಕೇಳಿದೆ. ಅಂಗೈಗಿಂತ ತುಸು ದೊಡ್ಡದು, ಬೆನ್ನ ತುಂಬ ಹಳದಿ ಗೆರೆ. ಗಂಡನ ಊರು ಬಬಲೇಶ್ವರದವರೆಗೆ ಬಸ್ಸಿನಲ್ಲಿ ಅದು ನನ್ನ ಮಡಿಲಲ್ಲೇ ಬಂತು.

ಅತ್ತೆಗೆ ಖುಷಿಯೋ ಖುಷಿ. ನಮ್ಮ ಕಡೆ ಮನೆ ಬಾವಿಗೆ ಆಮೆ ಬಿಡುವುದು ರೂಢಿ. ಹುಳಹುಪ್ಪಡಿ ತಿಂದು ನೀರು ತಿಳಿಯಾಗಿಡುತ್ತದೆಂದು ನಂಬಿಕೆ.

"ಚಲೋ ಆತು, ಬಾವ್ಯಾಗ ಬಿಡೂಣು," ಅಂದರು.

"ಇದು ನೀರಿನ ಆಮಿ ಅಲ್ರಿ ಅತ್ತಿ. ಮುಳುಗಿ ಸಾಯ್ತೈತಿ."

"ಆಮಿ ಮುಳುಗಿ ಸತ್ತದ್ದು ಎಲ್ಲೆರ ಕೇಳೀಯೇನ? ಹುಚ್ಚಿ!"

ಮನೆಮಂದಿಯೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ತಿಕೋಟಾದ ನನ್ನ ತವರಿನ ಬಾವಿಯಲ್ಲೂ ಆಮೆಯಿತ್ತು. ನೀರು ಸೇದುವಾಗ ಕೊಡದೊಳಗೆ ಬಂದರೆ ಎತ್ತಿ ಬಿಟ್ಟವಳು ನಾನು. ಅದರ ಬೆರಳುಗಳ ನಡುವೆ ಚರ್ಮವಿತ್ತು. ಇದರ ಕಾಲೋ, ಒನಕೆಯ ತುದಿಯ ಹಾಗೆ ಗುಂಡಗೆ. ಇದು ನಡೆಯುವ ಪ್ರಾಣಿ. ಅಷ್ಟು ತಿಳಿಯಲು ಕಣ್ಣಿದ್ದರೆ ಸಾಕಿತ್ತು.

ಬುಟ್ಟಿ ಕವುಚಿಟ್ಟರೆ ಬುಟ್ಟಿಯನ್ನೇ ನೂಕಿಕೊಂಡು ಹೋಗುತ್ತಿತ್ತು. ತಗಡಿನ ಡಬ್ಬಿ ಬಿಸಿಲಿಗೆ ಕಾಯುತ್ತಿತ್ತು. ಹಿತ್ತಲಲ್ಲಿ ಒಂದು ಮೂಲೆ ನೋಡಿಟ್ಟೆ. ಬೆಳಿಗ್ಗೆ ಎಳೆ ಬಿಸಿಲು, ಮಧ್ಯಾಹ್ನ ಬೇವಿನ ನೆರಳು. ಆದರೆ ಅದು ಅತ್ತೆ ಸಗಣಿಯ ಕುಳ್ಳು ಒಟ್ಟುವ ಜಾಗ. ಕೇಳಿದ್ದಕ್ಕೆ, "ಬಂದು ತಿಂಗಳಾಗಿಲ್ಲ, ಆಗಲೇ ಜಾಗಾ ಕೇಳಾಕತ್ತಾಳ," ಎಂದು ಮೂಗು ಮುರಿದರು.

ಮರುದಿನ ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಂಡು ಬಂದರೆ ಆಮೆ ಇಲ್ಲ. ಅತ್ತೆ ಅದರ ಬೆನ್ನಿಗೆ ಅರಿಷಿಣ ಕುಂಕುಮ ಹಚ್ಚಿ, ಕೈಮುಗಿದು, ಬಾವಿಗೆ ಬಿಟ್ಟಿದ್ದರು. ಬಗ್ಗಿ ನೋಡಿದೆ. ಗೋಡೆ ಕೆರೆಯುತ್ತ ಕತ್ತು ಮೇಲೆತ್ತುತ್ತಿತ್ತು. ನೋಡನೋಡುತ್ತಲೇ ಮುಳುಗಿತು.

ಹಿಟ್ಟಿನ ಡಬ್ಬಿ ಕೆಳಗಿಟ್ಟು ಸೀರೆಗೆ ಕಚ್ಚೆ ಹಾಕಿದೆ. ಹೂಳು ತೆಗೆಯಲು ಗಂಡಸರು ಇಳಿಯುವ ಕಲ್ಲುಗಳು ಬಾವಿಯ ಗೋಡೆಯಲ್ಲಿದ್ದವು. ಅವುಗಳ ಮೇಲೆ ಕಾಲಿಟ್ಟೆ.

"ಏ, ಸೊಸಿ ಬಾವಿ ಇಳಿಯಾಕತ್ತಾಳ, ಹಿಡೀರ್ಯೋ!" ಕಟ್ಟೆಯ ಮೇಲಿಂದ ಮಾವ ಕೂಗಿದರು. ಮಂದಿಯ ಎದುರು ಕಚ್ಚೆ ಹಾಕಿದ ಸೊಸೆಯನ್ನು ಮುಟ್ಟಿ ಹಿಡಿಯುವವರಾರು? ಬೇಸಿಗೆಯ ನೀರು ಸೊಂಟದವರೆಗಿತ್ತು. ಕಾಲಲ್ಲಿ ತಡಕಾಡಿ ಆಮೆಯನ್ನು ಹುಡುಕಿ, ಸೆರಗಿನಲ್ಲಿ ಕಟ್ಟಿಕೊಂಡು ಮೇಲೆ ಬಂದೆ. ಕತ್ತು ಜೋತುಬಿದ್ದಿತ್ತು. ತಲೆಕೆಳಗಾಗಿ ಹಿಡಿದೆ, ಬಾಯಿಂದ ನೀರು ಸುರಿಯಿತು. ಬಹಳ ಹೊತ್ತಿನ ಮೇಲೆ ಒಂದು ಕಾಲು ಒಳಗೆಳೆದುಕೊಂಡಿತು. ಆಮೆ ಮುಳುಗಿದ್ದನ್ನು ಅತ್ತೆ ಕಣ್ಣಾರೆ ಕಂಡರು. ಆದರೂ ಸೋಲಲೊಲ್ಲರು.

"ಇಷ್ಟ ಹಟ ಇದ್ರ ಅದನ್ನ ತಗೊಂಡು ತವರಿಗೆ ನಡಿ!"

"ಇದೂ ಹೋಗೂದಿಲ್ರಿ, ನಾನೂ ಹೋಗೂದಿಲ್ಲ," ಅಂದೆ.

ಒದ್ದೆ ಸೀರೆಯಲ್ಲೇ ಹಿತ್ತಲಿಗೆ ನಡೆದು ಕುಳ್ಳುಗಳನ್ನೆಲ್ಲ ತೆಗೆದು ಆಚೆ ಒಟ್ಟಿದೆ. ಒಡಕು ಗಡಿಗೆಯೊಂದನ್ನು ಅಡ್ಡ ಮಲಗಿಸಿ ಅರ್ಧ ಹೂತು, ಜೋಳದ ಒಣ ಕಣಿಕೆ ಹಾಸಿ, ಸುತ್ತ ಕಲ್ಲು ಜೋಡಿಸಿದೆ. ಯಾರೂ ಕೈಹಚ್ಚಲಿಲ್ಲ, ಯಾರೂ ತಡೆಯಲೂ ಇಲ್ಲ. ನಾನು ಎಲ್ಲಿ ಮಲಗಬೇಕು, ಎಲ್ಲಿ ಕೂತು ಉಣ್ಣಬೇಕು ಎಂಬುದನ್ನೆಲ್ಲ ಬೇರೆಯವರೇ ಗೊತ್ತುಮಾಡಿದ್ದ ಆ ಮನೆಯಲ್ಲಿ, ನಾನೇ ಆರಿಸಿದ ಮೊದಲ ಜಾಗ ಅದು.