ಜೇಜುರಿ ಶಾಖೆಯ ಒಪ್ಪಿಗೆ

ತೊಂಬತ್ತರ ದಶಕದ ಪುಣೆಯಲ್ಲಿ ನಮ್ಮ ಕನ್ನಡ ಸಂಘಕ್ಕೊಂದು ಸಂವಿಧಾನವಿತ್ತು. ನಿಯಮಾವಳಿ ಎಂದು ಕರೆದರೆ ಅದನ್ನು ಬರೆದ ವಕೀಲರಿಗೆ ಸಿಟ್ಟು ಬರುತ್ತಿತ್ತು. ದೇಶದ ಸಂವಿಧಾನದಲ್ಲಿ ಕೆಲವು ವಿಧಿಗಳನ್ನು ತಿದ್ದಲು ಸಂಸತ್ತೊಂದೇ ಸಾಲದು, ಅರ್ಧದಷ್ಟು ರಾಜ್ಯಗಳೂ ಒಪ್ಪಬೇಕಲ್ಲ, ಅದನ್ನೇ ಅವರು ನಮಗೂ ಇಳಿಸಿದ್ದರು. ನಮ್ಮ ರಾಜ್ಯಗಳೆಂದರೆ ಪುಣೆಯ ಸುತ್ತಲಿನ ಪಿಂಪ್ರಿ, ಶಿರೂರು, ಜೇಜುರಿ ಶಾಖೆಗಳು. ಏನೇ ತಿದ್ದಬೇಕಾದರೂ ಎರಡಾದರೂ ಹೂಂ ಅನ್ನಬೇಕು.

ಜೇಜುರಿ ಶಾಖೆಗೆ ನಮ್ಮ ಚಿಕ್ಕಪ್ಪ ಒಬ್ಬರೇ ಸದಸ್ಯರು. ಖಂಡೋಬ ದೇವರ ಗುಡ್ಡದ ಕೆಳಗೆ ಭಂಡಾರದ ಅರಿಸಿನಪುಡಿ, ತೆಂಗಿನಕಾಯಿ ಮಾರುವ ಅವರ ಅಂಗಡಿ. ಅದರ ಮೇಲೆ ಸಂಘದ ಬೋರ್ಡು. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಊಟ ಹಾಕುವುದು ಶಾಖೆಯ ಕೆಲಸ. ರೊಟ್ಟಿ ಬಡಿಯುತ್ತಿದ್ದವಳು ಅವರ ಹೆಂಡತಿ, ನಮ್ಮ ಚಿಗವ್ವ; ವಾರ್ಷಿಕ ಸಭೆಯಲ್ಲಿ ಹಾರ ಚಿಕ್ಕಪ್ಪನಿಗೆ. ಅವರು ತೀರಿಕೊಂಡ ಮೇಲೆ ಮಗಳ ಮದುವೆಗೆಂದು ಅವಳು ಸಂಘದ ಸಭಾಗೃಹ ಕೇಳಿದಳು. ಅದು ಸದಸ್ಯರಿಗೆ ಮಾತ್ರ, ಸದಸ್ಯನೆಂದರೆ ಮನೆಯ ಯಜಮಾನ.

ಕಾರ್ಯಕಾರಿ ಮಂಡಳಿಗೆ ಮರುಕ ಬಂತು. ವಿಧವೆಯರೂ ಸದಸ್ಯರಾಗಬಹುದೆಂದು ಮೇಜು ಕುಟ್ಟಿ ಪಾಸು ಮಾಡಿ, ಉಪ್ಪಿಟ್ಟು ತಿಂದು, ಶಾಖೆಗಳಿಗೆ ಕಳಿಸಿತು. ಪಿಂಪ್ರಿಯವರು ಶಿಫ್ಟ್ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗೇಟಿನಲ್ಲೇ ಕೈಯೆತ್ತಿ ಒಪ್ಪಿದರು. ಶಿರೂರಿನ ವ್ಯಾಪಾರಸ್ಥರು, ಇವತ್ತು ಸದಸ್ಯತ್ವ ಕೊಟ್ಟರೆ ನಾಳೆ ಅಧ್ಯಕ್ಷರ ಕುರ್ಚಿ ಕೇಳುತ್ತಾರೆಂದು ತಳ್ಳಿಹಾಕಿದರು. ಉಳಿದದ್ದು ಜೇಜುರಿ.

ಚಿಗವ್ವನ ಜೊತೆ ನಾನೂ ವಕೀಲರ ಮನೆಗೆ ಹೋದೆ.

"ಜೇಜುರಿ ಶಾಖಾದಾಗ ನಾನ ಇದೀನಲ್ರಿ. ನನ್ನ ಒಪ್ಪಿಗಿ ಅದ," ಅಂದಳು.

"ಒಪ್ಪಲಿಕ್ಕ ಸದಸ್ಯರು ಬೇಕ್ರಿ ಅಕ್ಕಾರ. ನೀವು ಸದಸ್ಯರಲ್ಲ," ಅಂದರು ವಕೀಲರು.

"ಸದಸ್ಯರಾಗಬೇಕಂದ್ರ ಏನ್ ಮಾಡಬೇಕ್ರಿ?"

"ತಿದ್ದುಪಡಿ ಪಾಸಾಗಬೇಕು. ಅದಕ್ಕ ಜೇಜುರಿ ಒಪ್ಪಬೇಕು."

ಹೇಳುವಾಗ ಅವರ ಮುಖದಲ್ಲಿ ತೃಪ್ತಿಯಿತ್ತು. ಸಂವಿಧಾನ ಅಷ್ಟು ಗಟ್ಟಿಯಾಗಿದೆಯೆಂದು. ನನಗೆ ಮೈಯೆಲ್ಲ ಉರಿಯಿತು. ಚಿಗವ್ವ ಚಹಾ ಕುಡಿಯದೆ ಎದ್ದಳು.

ಮದುವೆ ಅಂಗಡಿಯ ಹಿಂದಿನ ಅಂಗಳದಲ್ಲೇ ಆಯಿತು. ಪಕ್ಕದ ಮರಾಠಿ ಹೂವಿನವರು ನಿಂತು ಚಪ್ಪರ ಹಾಕಿಸಿದರು. ಸಂಘದವರು, ಶಿರೂರಿನವರೂ ಸೇರಿ, ಜೀಪು ಮಾಡಿಕೊಂಡು ಬಂದರು. ಎಲೆಯ ಮುಂದೆ ವಕೀಲರು ಸ್ವಲ್ಪ ಹಿಂದೆಮುಂದೆ ನೋಡಿದರು.

"ಕೂಡ್ರಿ ಸಾಹೇಬ್ರ," ಅಂದಳು ಹೋಳಿಗೆ ಬಡಿಸುತ್ತಿದ್ದ ಚಿಗವ್ವ. "ಇಲ್ಲಿ ಉಣ್ಣಲಿಕ್ಕ ಯಾರೂ ಸದಸ್ಯರಾಗಬೇಕಿಲ್ಲ."

ಅವರು ಕೂತರು, ತುಪ್ಪ ಕೇಳಿ ಹಾಕಿಸಿಕೊಂಡರು. ಮುಂದಿನ ಸಭೆಯಲ್ಲಿ, ಜೇಜುರಿ ಶಾಖೆಯಲ್ಲಿ ಯಾವ ಚಟುವಟಿಕೆಯೂ ಇಲ್ಲವಾದ್ದರಿಂದ ಅದನ್ನು ರದ್ದು ಮಾಡಲಾಗಿದೆ ಎಂದು ಅವರೇ ಓದಿದರು.