ಮಹಾಗನಿ ಬಾಗಿಲಿನ ಅಂಗೈಗಳು

ಮೊನ್ನೆ ಪಕ್ಕದ ಫ್ಲ್ಯಾಟಿನಲ್ಲಿ ಯಾರೋ ಕಪಾಟಿಗೆ ಪಾಲಿಶ್ ಹಾಕಿಸುತ್ತಿದ್ದರು. ಥಿನ್ನರ್ ವಾಸನೆ ಬಾಗಿಲ ಸಂದಿಯಿಂದ ಒಳಬಂದದ್ದೇ ತಡ, ಓಡಿಹೋಗಿ ಒಲೆಯ ಗ್ಯಾಸ್ ಆರಿಸಿದೆ. ಸಿಲಿಂಡರಿನ ಕೀಲಿಯನ್ನೂ ತಿರುಗಿಸಿಟ್ಟೆ...

ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಕತಾರಿಗೆ ಬಂದು ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದೆ. ನಜ್ಮಾ ಬಡಾವಣೆಯ ಗಲ್ಲಿಯಲ್ಲಿ ನಮ್ಮೂರ ಕಡೆಯ ಆಚಾರ್ರೊಬ್ಬರು ಮರಗೆಲಸದ ಅಂಗಡಿ ಇಟ್ಟಿದ್ದರು. ನನ್ನ ಮೇಲಧಿಕಾರಿಯ ಹೆಂಡತಿ ಅಮೆರಿಕದವರು. ಊರಿಗೆ ಮರಳುವ ಮುನ್ನ ತಮ್ಮ ಮುತ್ತಜ್ಜನ ಕಾಲದ ಮಹಾಗನಿ ಮೇಜನ್ನು ಆಚಾರ್ರ ಕೈಯಲ್ಲಿ ದುರಸ್ತಿ ಮಾಡಿಸಿದರು. ಕೆಳಗೆ ಬರೆಯುವ ಮೇಜು, ಅದರ ಮೇಲೆ ಪುಸ್ತಕದ ಕಪಾಟು. ಕಪಾಟಿನ ಬಾಗಿಲ ಒಳಮೈಯಲ್ಲಿ ಆ ಮನೆಯ ನಾಲ್ಕು ತಲೆಮಾರಿನ ಮಕ್ಕಳು ಅಂಗೈಯಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದಿದ್ದರು. ಅದನ್ನು ಮಾತ್ರ ಅಳಿಸಬಾರದೆಂದು ಆಕೆ ಬೇಡಿಕೊಂಡರು.

ಆಚಾರ್ರು ಒಂದು ಪುಟ್ಟ ಅಂಗೈ ನೋಡಿ ನಕ್ಕರು. "ಊರಲ್ಲಿ ನನ್ನ ಮೊಮ್ಮಗಳ ಕೈ ಇಷ್ಟೇ ಉಂಟು. ಮುಟ್ಟುದಿಲ್ಲ ಅಂತ ಹೇಳಿ ಮೇಡಮ್ಮಿಗೆ."

ಆಯುಧಪೂಜೆಯ ದಿನ ಕೆಲಸ ಮುಗಿಯುವುದರಲ್ಲಿತ್ತು. ಕಳಚಿದ ಬಾಗಿಲು ಒಳಗೋಡೆಗೆ ಒರಗಿತ್ತು. ಪೂಜೆ ಬೀದಿಗೆ ಕಾಣದಿರಲೆಂದು ಶಟರ್ ಅರ್ಧ ಇಳಿಸಿ, ಉಳಿ, ಗರಗಸಗಳಿಗೆ ಕುಂಕುಮ ಹಚ್ಚಿದ್ದರು. ಮೇಜಿಗೂ ಒಂದು ಬೊಟ್ಟು. ಒಳಗೆಲ್ಲ ಥಿನ್ನರ್ ಘಾಟು.

"ದೀಪ ಬೇಡ ಆಚಾರ್ರೆ, ಹೂ ಇಟ್ಟರೆ ಸಾಕಲ್ಲ?" ಎಂದೆ.

"ಕಡ್ಡಿ ಗೀರ್ಲಿಕ್ಕೆ ಪರ್ಮಿಟ್ ಬೇಕಾದ್ದು ನಿಮ್ಮ ಪ್ಲಾಂಟಿನಲ್ಲಿ ಮಾರಾಯ್ರೆ. ಇಲ್ಲಿ ದೇವರೇ ಸೇಫ್ಟಿ ಆಫೀಸರ್. ಎರಡೇ ನಿಮಿಷ, ಮತ್ತೆ ಖಲಾಸ್!"

ಕಡ್ಡಿ ಗೀರಿದ್ದು ಕಂಡಿತು. ನೆಲದುದ್ದಕ್ಕೂ ಬೆಂಕಿ ಹರಿಯಿತು. ಇಬ್ಬರೂ ಶಟರಿನಡಿ ನುಸುಳಿ ರಸ್ತೆಗೆ ಬಿದ್ದೆವು. ಬದುಕಿದ್ದೆವು... ಅಷ್ಟರಲ್ಲಿ "ಅಯ್ಯೋ, ಮಕ್ಕಳ ಬಾಗಿಲು!" ಎನ್ನುತ್ತ ಅವರು ಮತ್ತೆ ಒಳಗೆ ನುಗ್ಗಲು ಎದ್ದರು. ಅವರ ಅಂಗಿ ನನ್ನ ಮುಷ್ಟಿಯಲ್ಲಿತ್ತು, ಹರಿದುಹೋಯಿತು. ಆ ಬಟ್ಟೆ ಹರಿದ ಸದ್ದು ಇವತ್ತಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಬಾಗಿಲನ್ನು ಎದೆಗವಚಿಕೊಂಡು ಹೊರಬಂದರು. ಉಳಿದದ್ದೆಲ್ಲ ಬೂದಿಯಾಯಿತು. ಆಸ್ಪತ್ರೆಯಲ್ಲಿ ಒಂದೇ ಮಾತು ಕೇಳಿದರು, "ಗೆರೆ ಉಂಟಾ?" ಉಂಟು ಎಂದೆ. ವಾರ ಕಳೆಯುವ ಮೊದಲೇ ತೀರಿಕೊಂಡರು.

ಮೇಲಧಿಕಾರಿಯ ಮನೆಗೆ ಬಾಗಿಲು ಒಪ್ಪಿಸಲು ಹೋದಾಗ ಆಕೆ ಹೊಸ್ತಿಲಲ್ಲೇ ಅದನ್ನು ತಿರುಗಿಸಿ ಒಳಮೈ ನೋಡಿದರು. ಪುಟ್ಟ ಅಂಗೈಗಳ ನಡುವೆ ಆಚಾರ್ರ ಕೈ ಮಸಿಯಲ್ಲಿ ಅಚ್ಚೊತ್ತಿತ್ತು. ಒರೆಸಲು ಕರವಸ್ತ್ರ ತೆಗೆದೆ. ಆಕೆ ನನ್ನ ಮಣಿಕಟ್ಟು ಹಿಡಿದು ತಡೆದರು. ಬಾಗಿಲು ಹಾಗೆಯೇ ಅಮೆರಿಕಕ್ಕೆ ಹೋಯಿತು.

ಮೊನ್ನೆ ಸಂಜೆಗೆ ಪಾಲಿಶ್ ವಾಸನೆ ಇಳಿದರೂ ನನಗೆ ಒಲೆ ಹಚ್ಚಲಾಗಲಿಲ್ಲ. ಕಿಟಕಿ ತೆರೆದು ಕುಳಿತೆ. ಆಚಾರ್ರ ಮೊಮ್ಮಗಳು ಈಗ ದೊಡ್ಡವಳಾಗಿರಬೇಕು. ಅಜ್ಜನ ಕೈ ನೋಡಬೇಕೆನಿಸಿದರೆ, ಅವಳು ಅಮೆರಿಕದ ಯಾರದೋ ಮನೆಗೆ ಹೋಗಿ ಕೇಳಬೇಕು...