ಸಂಖ್ಯೆ ಒಡೆಯುತ್ತಿದ್ದ ಗಿರಿಜಾ

ಬೆಳಿಗ್ಗೆ ಬೈಂದೂರಿನ ಹೈಸ್ಕೂಲಿನವರೆಗೆ ಜೊತೆಯಲ್ಲಿ ನಡೆದು ಬಿಟ್ಟುಬರುವುದು, ಸಂಜೆ ಹೋಗಿ ಕರೆತರುವುದು. ತಂಗಿ ಗಿರಿಜಾಳಿಗಾಗಿ ನಾನು ಮಾಡಬೇಕಾಗಿದ್ದದ್ದು ಇಷ್ಟೇ. ಮಾಡಲಿಲ್ಲ.

ಸಪೂರ ಹುಡುಗಿ ಅವಳು. ಯಾವ ಸಂಖ್ಯೆ ಕಣ್ಣಿಗೆ ಬಿದ್ದರೂ ಒಡೆದು ನೋಡದೆ ಸಮಾಧಾನವಿಲ್ಲ. ಬಸ್ಸಿನ ನಂಬರು ಕಂಡರೂ ತುಟಿ ಅಲ್ಲಾಡಿಸುತ್ತ ನಿಂತುಬಿಡುತ್ತಿದ್ದಳು. ಯಾವುದರಿಂದಲೂ ಭಾಗವಾಗದ ಸಂಖ್ಯೆ ಸಿಕ್ಕಿತೋ, "ಇದ್ ಹಟದ್ದ್, ಯಾರ್ ಮಾತೂ ಕೇಂತಿಲ್ಲೆ" ಎಂದು ನಗುವಳು.

ಹೊಸ ಪೈಸೆ ಬಂದ ಬೇಸಿಗೆಯಲ್ಲಿ ನಾವು ಗೇರುಬೀಜದ ಆಟ ಆಡುತ್ತಿದ್ದೆವು. ಒಬ್ಬರು ಬೇಕಾದಷ್ಟು ಬೀಜ ನೆಲಕ್ಕಿಡಬೇಕು. ಎದುರಿನವರು ಒಂದೂ ಉಳಿಯದಂತೆ ಅದನ್ನು ಸಮನಾದ ಸಾಲುಗಳಲ್ಲಿ ಜೋಡಿಸಿದರೆ ಬೀಜವೆಲ್ಲ ಅವರದು. ಐದನೆಯಲ್ಲೇ ಶಾಲೆ ಬಿಟ್ಟ ನಾನು, ಇದು ಒಡೆಯುವುದಿಲ್ಲವೆಂಬ ಖಾತ್ರಿಯಲ್ಲಿ ಐವತ್ತೊಂದು ಇಟ್ಟೆ.

"ಅಣ್ಣಾ, ಐದೂ ಒಂದೂ ಕೂಡ್ಸ್ ಕಾಂಬ. ಆರ್. ಆರ್ ಮೂರ್ರಂಗೆ ಹೋತ್ತಲೆ? ಹಾಂಗಾರೆ ಇದೂ ಹೋತ್ತ್" ಎಂದವಳೇ ಹದಿನೇಳರ ಮೂರು ಸಾಲು ಜೋಡಿಸಿದಳು.

"ಹ್ವಾಯ್, ತಂಗಿ ಹತ್ರ ಮಗ್ಗಿ ಕಲಿ ಮಾರಾಯ!" ಎಂದು ಗೆಳೆಯರು ಬಿದ್ದು ಬಿದ್ದು ನಕ್ಕರು. ಆ ನಗುವಿಗಾಗಿ ನಾನು ಬಹಳ ದಿನ ಅವಳೊಡನೆ ಮಾತು ಬಿಟ್ಟೆ. ಅವಳೋ ಗೆದ್ದ ಬೀಜ ಸುಟ್ಟು ನನ್ನೆದುರು ತಂದಿಟ್ಟಳು. "ಎರಡ್ ಪಾಲ್ ಮಾಡಿರೆ ಒಂದ್ ಉಳಿತ್ತ್. ಅದೂ ನಿಂಗೇ."

ಬಿಜೂರಿನ ಶಾಲೆಯಲ್ಲಿ ಏಳನೆಯದು ಮುಗಿದಾಗ ಮಾಸ್ತರರು ಮನೆಗೇ ಬಂದರು. ಇಂಥ ಹುಡುಗಿಯನ್ನು ಮನೆಯಲ್ಲಿ ಕೂರಿಸಬೇಡಿ, ಹೈಸ್ಕೂಲಿಗೆ ಕಳಿಸಿ ಎಂದರು. ಅಪ್ಪಯ್ಯ ಒಂದು ಷರತ್ತು ಹಾಕಿದರು.

"ಹೆಣ್ಣ್ ಒಂದೇ ಹೊಳೆ ದಾಟಿ ಹೋಪುಕಾತಿಲ್ಲೆ. ಮಾಣಿ ಒಟ್ಟಿಗೆ ಹೋತ್ನಾರೆ ಅಡ್ಡಿಲ್ಲೆ."

ಎಲ್ಲರೂ ನನ್ನ ಕಡೆ ನೋಡಿದರು. ಗಿರಿಜಾ ಮಾತ್ರ ನೆಲ ನೋಡುತ್ತಿದ್ದಳು.

"ನಂಗೆ ಗದ್ದೆ ಕೆಲ್ಸ ಇತ್ತ್" ಎಂದೆ.

ತಂಗಿಯ ಪುಸ್ತಕ ಹೊರುವವನೆಂದು ಗೆಳೆಯರು ಆಡಿಕೊಂಡಾರೆಂಬ ಅಂಜಿಕೆ ನನ್ನದು. ಅವಳು ಅಕ್ಕಿ ತೊಳೆದ ಅಕ್ಕಚ್ಚನ್ನು ದನಕ್ಕೆ ಇಡಲು ಎದ್ದುಹೋದಳು.

ಆಮೇಲೆ ಅವಳಿಗೆ ಬ್ರಹ್ಮಾವರದ ಕಡೆಗೆ ಮದುವೆಯಾಯಿತು. ಗದ್ದೆ, ಅಡುಗೆ, ಅತ್ತೆಯ ಆರೈಕೆ. ವರ್ಷಗಳು ಕಳೆದ ಮೇಲೆ, ಅವಳ ಕಾಯಿಲೆ ಜೋರಾಗಿದೆಯೆಂದು ಕೇಳಿ ನೋಡಲು ಹೋದೆ. ಚಾಪೆಯ ಮೇಲೆ ಗೋಡೆಗೊರಗಿ ಕುಳಿತಿದ್ದಳು. ಕೈಗಳು ಕಡ್ಡಿಯಾಗಿದ್ದವು.

"ಎಂತ ಅಣ್ಣಾ, ಇಷ್ಟ್ ಬಚ್ಚಿದ್ಯಲೆ?" ಎಂದು ನನ್ನ ದಣಿವನ್ನೇ ವಿಚಾರಿಸಿದಳು.

"ಈಗ್ಲೂ ಲೆಕ್ಕ ಮಾಡ್ತ್ಯಾ?" ಎಂದೆ.

"ಯಾರಿಗ್ ಬೇಕ್ ಮಾರಾಯ? ಎಲ್ಲ ಮರ್ತ್ ಹೋಯ್ತ್."

ಸಂಜೆಯ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಬಾಗಿಲವರೆಗೆ ಹೋದೆ. ಇದೇ ಕೊನೆಯ ಭೇಟಿಯೆಂದು ಇಬ್ಬರಿಗೂ ಗೊತ್ತಿತ್ತು. ತಿರುಗಿ ಬಂದು ಚಾಪೆಯ ಪಕ್ಕ ಕುಳಿತೆ.

"ಗಿರಿಜಾ, ಅವತ್ತ್ ಗದ್ದೆ ಕೆಲ್ಸ ಇರ್ಲಿಲ್ಲೆ. ನಂಗೆ ನಾಚ್ಕಿ ಆಯ್ತ್, ಅಷ್ಟೇ. ನಾನ್ ನಿನ್ನೊಟ್ಟಿಗೆ ಬರ್ಕಿತ್ತ್, ಬರ್ಲಿಲ್ಲೆ. ತಪ್ಪಾಯ್ತ್, ತಂಗೀ."